ಕಾಶಿಯನ್ನ ದೋಣಿಯಿಂದ ನೋಡೋದು ಹೇಗೆ: ಅಸ್ಸಿಯಲ್ಲಿ ಹತ್ತಿ, ಮಣಿಕರ್ಣಿಕಾದಲ್ಲಿ ವಾಪಸ್ ತಿರುಗ್ಬೇಡಿ

ಕಾಶಿಗೆ ಹೋಗಿ ಬಂದವರನ್ನ ದೋಣೀಲಿ ಹೋದ್ರಾ ಅಂತ ಕೇಳಿ ನೋಡಿ, ಮುಕ್ಕಾಲುಪಾಲು ಜನ ಹೇಳೋದು ಒಂದೇ. ಸಂಜೆ ದಶಾಶ್ವಮೇಧ ಘಾಟ್‌ನಲ್ಲಿ ಮೋಟಾರ್ ಬೋಟ್ ಹತ್ತಿದ್ವಿ, ಮಣಿಕರ್ಣಿಕಾವರೆಗೆ ಒಂದು ರೌಂಡ್ ಹೊಡೆಸಿದ್ರು, ಆರತಿ ನೋಡಿ ಇಳಿದ್ವಿ, ಅಷ್ಟೇ. ಆರತಿ ಖಂಡಿತ ನೋಡ್ಬೇಕು, ಅದರ ಬಗ್ಗೆ ಕೆಳಗೆ ಬರ್ದಿದೀನಿ. ಆದ್ರೆ ಆ ಒಂದು ರೌಂಡಲ್ಲಿ ಊರು ಕಾಣಲ್ಲ, ಕತ್ತಲೇಲಿ ಲೈಟು ಕಾಣತ್ತೆ, ಎಂಜಿನ್ ಸದ್ದು ಕೇಳತ್ತೆ. ಊರು ನೋಡ್ಬೇಕು ಅನ್ನೋರಿಗೆ ನಾನು ಹೇಳೋದು ಇಷ್ಟು: ಬೆಳಗ್ಗೆ ಸೂರ್ಯ ಬರೋಕೆ ಮುಂಚೆ, ದಕ್ಷಿಣದ ತುದೀಲಿರೋ ಅಸ್ಸಿ ಘಾಟ್‌ನಿಂದ, ಕೈಯಲ್ಲಿ ಹುಟ್ಟು ಹಾಕೋ ದೋಣೀಲಿ, ನೀರಿನ ಹರಿವಿನ ಜೊತೆ ಉತ್ತರಕ್ಕೆ, ಒನ್ ವೇ ಹೋಗಿ. ಕಡೇಪಕ್ಷ ಪಂಚಗಂಗಾ ಘಾಟ್‌ವರೆಗೆ, ಸಮಯ ಇದ್ರೆ ರಾಜ್‌ಘಾಟ್‌ವರೆಗೆ.

ಯಾಕೆ ಅಂದ್ರೆ, ಗಂಗೆ ಇಲ್ಲಿ ಉತ್ತರವಾಹಿನಿ, ಇಡೀ ಊರು ಇರೋದು ಪಶ್ಚಿಮದ ಎತ್ತರದ ದಡದ ಮೇಲೆ, ಎದುರು ದಡದಲ್ಲಿ ಬರೀ ಮರಳು ಬಯಲು, ಮಳೆಗಾಲದಲ್ಲಿ ಮುಳುಗೋ ಜಾಗ ಆದ್ರಿಂದ ಅಲ್ಲಿ ಯಾರೂ ಕಟ್ಟಿಲ್ಲ. ಹಾಗಾಗಿ ಸೂರ್ಯ ಆ ಮರಳಿನ ಕಡೆಯಿಂದ ಮೇಲೆ ಬಂದ ಕೂಡ್ಲೆ ಬೆಳಕು ನೇರವಾಗಿ ಬಂದು ಮೆಟ್ಟಿಲುಗಳಿಗೂ ಅರಮನೆ ಗೋಡೆಗಳಿಗೂ ಬೀಳತ್ತೆ, ಮಧ್ಯ ಒಂದು ಮರಾನೂ ಅಡ್ಡ ಇಲ್ಲ. ಸಂಜೆ ಇದು ಉಲ್ಟಾ, ಸೂರ್ಯ ಕಟ್ಟಡಗಳ ಹಿಂದೆ ಹೋಗ್ತಾನೆ, ನಿಮಗೆ ಕಾಣೋದು ನೆರಳು. ಇನ್ನೊಂದು ವಿಷಯ, ಇಲ್ಲಿನ ಅರಮನೆ, ಮಠ, ಛತ್ರ ಎಲ್ಲ ನದಿಗೆ ಮುಖ ಮಾಡಿಯೇ ಕಟ್ಟಿರೋದು. ಗಲ್ಲಿಗಳಲ್ಲಿ ಓಡಾಡಿದ್ರೆ ನೀವು ನೋಡೋದು ಅವುಗಳ ಬೆನ್ನು, ಮುಖ ಕಾಣ್ಬೇಕು ಅಂದ್ರೆ ನೀರಿಗೆ ಇಳೀಲೇಬೇಕು.

ಕಾಲ ಯಾವ್ದು ಒಳ್ಳೇದು ಅಂದ್ರೆ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ. ಅದರಲ್ಲೂ ಡಿಸೆಂಬರ್ ಕೊನೆ, ಜನವರಿ ಮೊದಲರ್ಧ ಸ್ವಲ್ಪ ಯೋಚ್ನೆ ಮಾಡಿ, ಮಂಜು ಕವಿದ್ರೆ ಹತ್ತು ಮಾರು ದೂರದ ದೋಣಿನೂ ಕಾಣಲ್ಲ, ಬೆಂಗಳೂರು ಚಳಿ ಅಂದ್ಕೊಂಡು ಒಂದು ತೆಳು ಸ್ವೆಟರ್ ಹಾಕ್ಕೊಂಡು ಹೋದ್ರೆ ನೀರಿನ ಮೇಲೆ ನಡುಗ್ತೀರಾ, ಟೋಪಿ, ಕಾಲುಚೀಲ, ಶಾಲು ಮೂರೂ ಬೇಕು. ಆದ್ರೆ ಅದೇ ಚಳಿಗಾಲದಲ್ಲಿ ದೂರದ ಉತ್ತರದಿಂದ ಬಿಳೀ ನೀರುಹಕ್ಕಿಗಳು ಹಿಂಡು ಹಿಂಡಾಗಿ ಬಂದಿರ್ತಾವೆ, ದೋಣಿ ಸುತ್ತಾನೇ ಹಾರ್ತಿರ್ತಾವೆ, ಅದನ್ನ ನೋಡೋಕಂತಾನೇ ಚಳಿ ತಡ್ಕೋಬಹುದು. ಅವಕ್ಕೆ ಸೇವು ಖಾರ ಎಸೆಯೋದು ಅಲ್ಲಿ ವಾಡಿಕೆ ಆಗ್ಬಿಟ್ಟಿದೆ, ಮಾರೋರೂ ದೋಣೀಲೇ ಬರ್ತಾರೆ, ದಯವಿಟ್ಟು ಎಸೀಬೇಡಿ, ಕರಿದ ಹಿಟ್ಟು ಹಕ್ಕಿ ಹೊಟ್ಟೆಗೆ ಒಳ್ಳೇದಲ್ಲ. ಮಳೆಗಾಲ, ಅಂದ್ರೆ ಜುಲೈಯಿಂದ ಸೆಪ್ಟೆಂಬರ್, ದೋಣಿ ನಂಬ್ಕೊಂಡು ಹೋಗೋ ಹಾಗೇ ಇಲ್ಲ. ನೀರು ಏರಿದ್ರೆ ಮೊದ್ಲು ಕೈದೋಣಿ ನಿಲ್ಲಿಸ್ತಾರೆ, ಆಮೇಲೆ ಎಲ್ಲಾನೂ. ಮೆಟ್ಟಿಲುಗಳೆಲ್ಲ ಮುಳುಗಿ ಒಂದು ಘಾಟ್‌ನಿಂದ ಇನ್ನೊಂದಕ್ಕೆ ನಡೆಯೋ ದಾರಿನೇ ಇರಲ್ಲ, ಆರತಿನ ಮೇಲಿನ ಮಹಡಿಗಳ ಮೇಲೆ ಮಾಡ್ತಾರೆ. ಆಗ ಟಿಕೆಟ್ ಬುಕ್ ಮಾಡಿದ್ರೆ ದರ್ಶನ ಮಾತ್ರ ಅಂದ್ಕೊಂಡು ಹೋಗಿ.

ಟೈಮಿಂಗು ತುಂಬಾ ಮುಖ್ಯ. ಕಾಶಿ ನಮಗಿಂತ ಪೂರ್ವಕ್ಕಿದೆ, ಮೇ ಜೂನಲ್ಲಿ ಐದೂ ಕಾಲಿಗೆಲ್ಲ ಸೂರ್ಯ ಬಂದ್ಬಿಡ್ತಾನೆ, ಜನವರೀಲಿ ಆರೂ ಮುಕ್ಕಾಲರ ಹತ್ರ. ಸೂರ್ಯ ಬರೋಕೆ ಮುಕ್ಕಾಲು ಗಂಟೆ ಮುಂಚೆ ಅಸ್ಸಿ ಘಾಟ್‌ನಲ್ಲಿರಿ, ಅಲ್ಲಿ ‘ಸುಬಹ್-ಎ-ಬನಾರಸ್’ ಅಂತ 2014ರಿಂದ ಪ್ರತಿದಿನ ಬೆಳಗಿನ ಜಾವ ಆರತಿ, ವೇದಪಾರಾಯಣ, ಆಮೇಲೆ ಸಂಗೀತ ನಡೆಯತ್ತೆ. ಆರತಿ ನೋಡ್ಕೊಂಡು ಮಣ್ಣಿನ ಕುಲ್ಹಡ್‌ನಲ್ಲಿ ಒಂದು ಚಹಾ ಕುಡಿದು ದೋಣಿ ಹತ್ತಿದ್ರೆ ಸರಿಯಾಗಿ ಹೊಂದತ್ತೆ. ಉಳ್ಕೊಳ್ಳೋಕೂ ಅಸ್ಸಿ ಕಡೆ ಒಳ್ಳೇದು, ಬೆಳಗ್ಗೆ ಆ ಕತ್ತಲೇಲಿ ಆಟೋ ಹುಡುಕೋ ಕೆಲಸ ಇರಲ್ಲ. ನಮ್ಮ ಕಡೆಯ ಎಷ್ಟೋ ಜನ ಗೊದೌಲಿಯಾ ಹತ್ರ ಜಂಗಮವಾಡಿ ಮಠದಲ್ಲಿ ಇಳ್ಕೋತಾರೆ, ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕಾಶಿ ಪೀಠ ಅದು, ಅಕ್ಬರನ ಕಾಲದಿಂದ ಮೊಘಲ್ ಬಾದಶಹರು ಕೊಟ್ಟ ಫರ್ಮಾನುಗಳು ಆ ಮಠದ ಹತ್ರ ಇದಾವೆ. ಅಲ್ಲಿಂದಾದ್ರೆ ಹಿಂದಿನ ರಾತ್ರಿನೇ ಆಟೋದವ್ರಿಗೆ ಹೇಳಿಟ್ಟು ಅಸ್ಸಿಗೆ ಬನ್ನಿ.

ಈಗ ದೋಣಿ ಹಿಡಿಯೋ ವಿಷಯ. ಘಾಟ್‌ಗೆ ಕಾಲಿಟ್ಟ ಕೂಡ್ಲೆ ‘ಬೋಟ್ ಸರ್ ಬೋಟ್’ ಅಂತ ಸುತ್ಕೋತಾರೆ, ಅದರಲ್ಲಿ ಅರ್ಧ ಜನ ಬರೀ ಏಜೆಂಟ್‌ಗಳು, ದೋಣಿ ಅವ್ರದಲ್ಲ. ಕೆಳಗೆ ನೀರಿನ ಹತ್ರ ಹೋಗಿ ದೋಣೀಲಿ ಕೂತಿರೋ ನಾವಿಕನ ಹತ್ರಾನೇ ಮಾತಾಡಿ. ಹಿಂದಿ ಬರದಿದ್ರೂ ಎರಡು ಮಾತು ಕಲ್ತಿಟ್ಕೊಳ್ಳಿ: ‘ಚಪ್ಪೂ ವಾಲೀ ನಾವ್ ಚಾಹಿಯೇ’, ಅಂದ್ರೆ ಹುಟ್ಟಿನ ದೋಣಿ ಬೇಕು, ‘ಪೂರೀ ನಾವ್ ಕಾ ಕಿತನಾ’, ಅಂದ್ರೆ ಪೂರ್ತಿ ದೋಣಿಗೆ ಎಷ್ಟು. ಈ ಎರಡನೇದನ್ನ ಬಿಡ್ಲೇಬೇಡಿ. ಹತ್ತುವಾಗ ಹೇಳಿದ ರೇಟು ಇಳಿಯುವಾಗ ತಲೆಗೆ ಇಷ್ಟು ಅಂತ ಬದಲಾಗೋದು ಇಲ್ಲಿ ಮಾಮೂಲಿ ಜಗಳ. ಪೂರ್ತಿ ದೋಣಿಗಾ ತಲೆಗಾ, ಎಲ್ಲಿಂದ ಎಲ್ಲಿವರೆಗೆ, ಎಷ್ಟು ಹೊತ್ತು, ಒಂದು ಕಡೆಗಾ ಎರಡೂ ಕಡೆಗಾ, ನಾಲ್ಕನ್ನೂ ಹತ್ತೋಕೆ ಮುಂಚೆನೇ ಮಾತಾಡಿ, ದುಡ್ಡು ಇಳಿದ್ಮೇಲೆ ಕೊಡಿ. ಎರಡ್ಮೂರು ಜನರ ಹತ್ರ ಕೇಳಿದ್ರೆ ಆ ದಿನದ ರೇಟು ತಾನಾಗೇ ಗೊತ್ತಾಗತ್ತೆ. ಆದ್ರೆ ತುಂಬಾ ಎಳೆದಾಡ್ಬೇಡಿ. ಎರಡು ಗಂಟೆ ಕೈಯಲ್ಲಿ ಹುಟ್ಟು ಹಾಕೋದು ಸುಮ್ನೆ ಅಲ್ಲ, ಮಲ್ಲಾಹ್ ಅಥವಾ ನಿಷಾದ ಅಂತ ಕರೆಯೋ ಈ ಜನ ತಲೆತಲಾಂತರದಿಂದ ಇದನ್ನೇ ನಂಬ್ಕೊಂಡವ್ರು, ಮೋಟಾರು, ದೊಡ್ಡ ಕ್ರೂಸ್ ಎಲ್ಲ ಬಂದ್ಮೇಲೆ ಕೈದೋಣಿಯವ್ರಿಗೆ ಗಿರಾಕಿ ಕಮ್ಮಿ ಆಗಿದಾರೆ. ನೀವು ಕೈದೋಣಿ ಹತ್ತಿದ್ರೆ ನಿಮಗೂ ಲಾಭ ಅವ್ರಿಗೂ ಲಾಭ. ಎಂಜಿನ್ ಸದ್ದಿಲ್ದೆ ಇದ್ರೆ ಘಾಟ್‌ನಲ್ಲಿ ಬಟ್ಟೆ ಒಗೆಯೋ ಸದ್ದು, ಗಂಟೆ, ಯಾರೋ ಹಾಡ್ತಿರೋದು, ಪೈಲ್ವಾನರು ಕಸರತ್ತು ಮಾಡ್ತಿರೋದು ಎಲ್ಲ ಕೇಳತ್ತೆ, ಇಲ್ಲಿ ನಿಲ್ಸಿ ಅಂದ್ರೆ ನಿಲ್ಸ್ತಾರೆ. ಲೈಫ್ ಜಾಕೆಟ್ ಕೇಳಿ ಹಾಕ್ಕೊಳ್ಳಿ, ಒದ್ದೆ ಆಗಿದೆ ವಾಸನೆ ಬರತ್ತೆ ಅಂತ ಪಕ್ಕಕ್ಕಿಡ್ಬೇಡಿ, ನೋಡೋಕೆ ಮೆಲ್ಲಗೆ ಹರಿದ್ರೂ ಮೆಟ್ಟಿಲಿಂದ ಸ್ವಲ್ಪ ದೂರಕ್ಕೇ ಆಳ ಜಾಸ್ತಿ.

ಹತ್ತಿದ್ರಾ, ಈಗ ನಾವಿಕನಿಗೆ ದಡಕ್ಕೆ ಹತ್ರಾನೇ ಹೋಗೋಕೆ ಹೇಳಿ, ನೀವು ಎಡಗಡೆಗೆ ಮುಖ ಮಾಡಿ ಕೂತ್ಕೊಳ್ಳಿ. ಒಟ್ಟು 84 ಘಾಟ್ ಅಂತಾರೆ, ಎಲ್ಲದರ ಹೆಸರನ್ನೂ ಗೋಡೆ ಮೇಲೆ ಬರೆದಿರೋದ್ರಿಂದ ಓದ್ಕೊಂಡು ಹೋಗ್ಬಹುದು, ಎಲ್ಲಾನೂ ನೆನಪಿಟ್ಕೊಳ್ಳೋ ಅಗತ್ಯ ಇಲ್ಲ. ಮೊದ್ಲು ತುಲಸಿ ಘಾಟ್, ಸಂತ ತುಲಸೀದಾಸರು ಇದ್ದ ಜಾಗ, ಅವ್ರು ತೀರ್ಕೊಂಡಿದ್ದು 1623ರಲ್ಲಿ. ಅದರ ಪಕ್ಕ ಭದೈನೀಲಿ ದೊಡ್ಡ ಗೋಪುರದ ಹಾಗಿರೋದು ದೇವಸ್ಥಾನ ಅಲ್ಲ, ಊರಿಗೆ ಗಂಗೆ ನೀರು ಎತ್ತೋ ಪಂಪ್‌ಹೌಸು. ಝಾನ್ಸಿ ರಾಣಿ ಲಕ್ಷ್ಮೀಬಾಯಿ ಹುಟ್ಟಿದ್ದೂ ಈ ಭದೈನೀಲೇ, ಒಳಗಡೆ ಸ್ಮಾರಕ ಇದೆ. ಆಮೇಲೆ ಜೈನರ ಘಾಟ್ ಬರತ್ತೆ, ಏಳನೇ ತೀರ್ಥಂಕರ ಸುಪಾರ್ಶ್ವನಾಥ ಹುಟ್ಟಿದ ಜಾಗ ಅಂತ ನಂಬಿಕೆ, ಅದರ ಪಕ್ಕಾನೇ ನಿಷಾದ ಘಾಟ್, ನಿಮ್ಮ ನಾವಿಕನ ನೆಂಟರಿಷ್ಟರು ಅಲ್ಲಿರೋ ಸಾಧ್ಯತೆ ಜಾಸ್ತಿ, ಕೇಳಿ, ಖುಷಿಯಾಗಿ ಮಾತಾಡ್ತಾರೆ.

ಚೇತ್ ಸಿಂಗ್ ಘಾಟ್ ಬಂದಾಗ ದೋಣಿ ನಿಲ್ಲಿಸೋಕೆ ಹೇಳಿ. ಕೋಟೆ ಥರ ಎತ್ತರದ ಗೋಡೆ, ಮೇಲೆ ಕಿಟಕಿಗಳು. 1781ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ದುಡ್ಡಿಗಾಗಿ ಕಾಶಿ ರಾಜ ಚೇತ್ ಸಿಂಗನ ಮೇಲೆ ಒತ್ತಡ ತಂದು ಇಲ್ಲೇ ಬಂಧನದಲ್ಲಿಟ್ಟ, ರಾಜನ ಕಡೆಯವ್ರು ತಿರುಗಿಬಿದ್ದು ಕಂಪನಿ ಸಿಪಾಯಿಗಳನ್ನ ಕೊಂದ್ರು, ಆ ಗಲಾಟೇಲಿ ರಾಜ ರುಮಾಲುಗಳನ್ನ ಒಂದಕ್ಕೊಂದು ಗಂಟು ಹಾಕಿ ಕಿಟಕಿಯಿಂದ ಇಳಿದು ದೋಣೀಲಿ ತಪ್ಪಿಸ್ಕೊಂಡ. ಹೇಸ್ಟಿಂಗ್ಸ್ ಕೂಡ ಊರು ಬಿಟ್ಟು ಚುನಾರ್‌ಗೆ ಓಡ್ಬೇಕಾಯ್ತು, ಅವಸರದಲ್ಲಿ ಕುದುರೆ ಮೇಲೆ ಅಂಬಾರಿ, ಆನೆ ಮೇಲೆ ಜೀನು ಹಾಕ್ಕೊಂಡು ಓಡಿದ ಅಂತ ಕಾಶಿ ಜನ ಪದ ಕಟ್ಟಿದಾರೆ, ಈಗಲೂ ಹೇಳ್ತಾರೆ. ನೀರಿಂದ ಆ ಗೋಡೆ ಎತ್ತರ ನೋಡಿದ್ರೇನೇ ಆ ಕಥೆ ಮನಸ್ಸಿಗೆ ಇಳಿಯೋದು, ಮೇಲೆ ಗಲ್ಲಿಯಿಂದ ಹೋದ್ರೆ ಇದು ಸಿಗಲ್ಲ.

ಮುಂದೆ ಹನುಮಾನ್ ಘಾಟ್, ಇಲ್ಲಿಂದ ಕೇದಾರದವರೆಗೆ ದಕ್ಷಿಣದವರ ಕಾಶಿ ಅನ್ನಬಹುದು. ಮೇಲಿನ ಗಲ್ಲಿಗಳಲ್ಲಿ ಕನ್ನಡ, ತಮಿಳು, ತೆಲುಗು ಕೇಳತ್ತೆ, ಇಡ್ಲಿ ಸಿಗತ್ತೆ, ನಮ್ಮ ಕಡೆಯ ಪುರೋಹಿತರೂ ಇಲ್ಲೇ ಇರೋದು. ಹನುಮಾನ್ ಘಾಟ್ ದಾಟಿದ ಕೂಡ್ಲೆ ಕರ್ನಾಟಕ ಘಾಟ್, ಮೈಸೂರು ಸಂಸ್ಥಾನದವರು ಕಟ್ಟಿಸಿದ್ದು, ಹಳಬರು ಮೈಸೂರು ಘಾಟ್ ಅಂತಾನೇ ಅಂತಾರೆ. ದೊಡ್ಡ ಘಾಟ್ ಏನಲ್ಲ, ಮಾತಾಡ್ತಾ ಇದ್ರೆ ಗೊತ್ತೇ ಆಗದ ಹಾಗೆ ದಾಟಿ ಹೋಗತ್ತೆ, ಅದಕ್ಕೆ ಮೊದ್ಲೇ ನಾವಿಕನಿಗೆ ಹೇಳಿಟ್ಟಿರಿ. ಒಂದು ಸಂಸ್ಥಾನ ಅಷ್ಟು ದೂರದಿಂದ ತನ್ನ ಊರಿನ ಯಾತ್ರಿಕರಿಗೆ ಒಂದು ಮೆಟ್ಟಿಲು ಸಾಲು, ಒಂದು ಛತ್ರ ಇರಲಿ ಅಂತ ಯೋಚ್ನೆ ಮಾಡಿದ್ದು ನನಗಂತೂ ತುಂಬಾ ದೊಡ್ಡ ವಿಷಯ ಅನ್ಸತ್ತೆ. ಇನ್ನೊಂದು, ಸ್ವಲ್ಪ ಮುಂದೆ ವಿಜಯನಗರಂ ಘಾಟ್ ಅಂತ ಬೋರ್ಡ್ ನೋಡಿ ನಮ್ಮವರೆಲ್ಲ ಹಂಪಿ ಅಂತ ಖುಷಿ ಪಡ್ತಾರೆ, ಅದು ನಮ್ಮ ವಿಜಯನಗರ ಅಲ್ಲ, ಆಂಧ್ರದ ವಿಜಯನಗರಂ ಮಹಾರಾಜರದ್ದು.

ಕರ್ನಾಟಕ ಘಾಟ್‌ಗೆ ಅಂಟ್ಕೊಂಡೇ ಹರಿಶ್ಚಂದ್ರ ಘಾಟ್. ಬೆಂಗಳೂರಲ್ಲಿ ಶ್ರೀರಾಂಪುರದ ಸ್ಮಶಾನಕ್ಕೂ ಇದೇ ಹೆಸರಿರೋದು ಗೊತ್ತಲ್ಲ. ಇಲ್ಲಿ, ಆಮೇಲೆ ಮಣಿಕರ್ಣಿಕಾದಲ್ಲಿ, ಎರಡೂ ಕಡೆ ಹೆಣ ಸುಡ್ತಾರೆ, ದೋಣಿಯಿಂದ ಎಲ್ಲ ಕಾಣತ್ತೆ. ಫೋನ್ ಒಳಗಿಡಿ. ಯಾರಾದ್ರೂ ಬೈತಾರೆ ಅಂತಲ್ಲ, ಅಲ್ಲಿ ನಿಂತಿರೋರು ಅಪ್ಪನ್ನೋ ಅಮ್ಮನ್ನೋ ಕಳ್ಕೊಂಡು ಬಂದಿರೋರು, ಅವರ ದುಃಖ ನಮ್ಮ ಸ್ಟೇಟಸ್‌ಗೆ ಹಾಕೋ ವಸ್ತು ಅಲ್ಲ. ದೋಣಿನ ಸ್ವಲ್ಪ ದೂರ ತಗೊಂಡು ಹೋಗೋಕೆ ಹೇಳಿ, ಸುಮ್ನೆ ಕೂತು ದಾಟಿ. ಮಕ್ಕಳು ಜೊತೇಲಿದ್ರೆ ಹಿಂದಿನ ದಿನವೇ ಏನು ಕಾಣತ್ತೆ ಅಂತ ಹೇಳಿಟ್ಟಿರಿ, ಮಕ್ಕಳು ನಾವು ಅಂದ್ಕೊಂಡಷ್ಟು ಹೆದರಲ್ಲ, ಆದ್ರೆ ಕೇಳಿದ್ದಕ್ಕೆ ನೇರವಾಗಿ ಉತ್ತರ ಹೇಳ್ಬೇಕು. ಮಣಿಕರ್ಣಿಕಾಗೆ ಕಾಲ್ನಡಿಗೇಲಿ ಹೋದ್ರೆ ಬಡವರ ಸಂಸ್ಕಾರಕ್ಕೆ ಸೌದೆ ದುಡ್ಡು ಕೊಡಿ ಅಂತ ಹಿಂದೆ ಬೀಳೋರು ಇರ್ತಾರೆ, ನಯವಾಗಿ ಬೇಡ ಅಂದು ಮುಂದೆ ಹೋಗಿ.

ಕೇದಾರ ಘಾಟ್ ಕೆಂಪು ಬಿಳಿ ಪಟ್ಟೆಗಳಿಂದ ದೂರದಿಂದಲೇ ಗೊತ್ತಾಗತ್ತೆ, ತಮಿಳುನಾಡಿನ ಕುಮಾರಸ್ವಾಮಿ ಮಠದವರು ನೋಡ್ಕೊಳ್ಳೋ ಕೇದಾರೇಶ್ವರ ದೇವಸ್ಥಾನ. ಬೆಳಗ್ಗೆ ಇಲ್ಲಿ ಸ್ನಾನ ಮಾಡೋ ಜನರನ್ನ ನೋಡೋದೇ ಒಂದು ಚಂದ. ನಾರದ ಘಾಟ್‌ನಲ್ಲಿ ಗಂಡ ಹೆಂಡ್ತಿ ಜೊತೆಗೆ ಮುಳುಗಿದ್ರೆ ಜಗಳ ಗ್ಯಾರಂಟಿ ಅಂತ ನಂಬಿಕೆ ಇರೋದ್ರಿಂದ ಅಲ್ಲಿ ಜನ ಕಮ್ಮಿ. ಆಮೇಲೆ ಉದಯಪುರದವರ ರಾಣಾ ಮಹಲ್, ಬಿಹಾರದ ದರ್ಭಂಗಾ ಅರಮನೆ, ಅಹಲ್ಯಾಬಾಯಿ ಘಾಟ್, ಹೀಗೆ ಭಾರತದ ರಾಜರೆಲ್ಲ ಒಂದೊಂದು ಮನೆ ಕಟ್ಕೊಂಡಿರೋ ಬೀದಿ ಥರ ಸಾಗತ್ತೆ. ದರ್ಭಂಗಾ ಅರಮನೆ ಈಗ ಹೋಟೆಲ್, ಅದರ ಎತ್ತರದ ಕಂಬಗಳ ಮೇಲೆ ಬೆಳಗಿನ ಬಿಸಿಲು ಬೀಳೋ ಹೊತ್ತಿಗೆ ಸರಿಯಾಗಿ ಅಲ್ಲಿದ್ರೆ ಫೋಟೋ ಬಹಳ ಚೆನ್ನಾಗಿ ಬರತ್ತೆ. ಅಹಲ್ಯಾಬಾಯಿ ಹೋಳ್ಕರ್ ಹೆಸರು ಕಾಶೀಲಿ ಎಲ್ಲ ಕಡೆ ಸಿಗತ್ತೆ, ಈಗಿನ ವಿಶ್ವನಾಥ ದೇವಸ್ಥಾನನ 1780ರಲ್ಲಿ ಕಟ್ಟಿಸಿದ್ದು ಆಕೆನೇ.

ದಶಾಶ್ವಮೇಧದಲ್ಲಿ ಗದ್ದಲ ಜಾಸ್ತಿ, ಅಲ್ಲಿ ನಿಲ್ಲಿಸ್ಬೇಡಿ, ಸಂಜೆ ಹೇಗೂ ಬರ್ತೀರಲ್ಲ. ಅದರ ಪಕ್ಕದ ಮಾನ್ ಮಂದಿರ ನೋಡಿ, ಅಂಬೇರಿನ ರಾಜಾ ಮಾನ್ ಸಿಂಗ್ 1600ರ ಸುಮಾರಿಗೆ ಕಟ್ಟಿಸಿದ ಅರಮನೆ, ಮೂಲೆಯ ಕಲ್ಲಿನ ಜಾಲರಿ ಉಪ್ಪರಿಗೆ ಎಷ್ಟು ನಾಜೂಕು ಅಂತ ನೀರಿಂದಲೇ ಚೆನ್ನಾಗಿ ಕಾಣತ್ತೆ. ಅದೇ ಮನೆಯ ತಾರಸಿ ಮೇಲೆ ನೂರಕ್ಕೂ ಹೆಚ್ಚು ವರ್ಷ ಆದ್ಮೇಲೆ ಸವಾಯಿ ಜೈಸಿಂಗ್ ನಕ್ಷತ್ರ ಅಳೆಯೋ ಯಂತ್ರಗಳನ್ನ ಕಟ್ಟಿಸಿದ, ಜೈಪುರ, ದೆಹಲಿಯ ಜಂತರ್ ಮಂತರ್ ಇದ್ಯಲ್ಲ ಅದರ ತಮ್ಮ ಇದು. ಹಗಲು ಹೊತ್ತಲ್ಲಿ ಮೇಲೆ ಹತ್ತಿ ನೋಡಬಹುದು, ಯಾರೂ ಹೋಗಲ್ಲ, ನೀವು ಹೋಗಿ. ಆಮೇಲೆ ಲಲಿತಾ ಘಾಟ್, ಮರದಲ್ಲೇ ಕೆತ್ತಿರೋ ನೇಪಾಳಿ ದೇವಸ್ಥಾನ ಮೇಲಿದೆ, ಅದರ ಪಕ್ಕದಲ್ಲಿ 2021ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಆದ ವಿಶ್ವನಾಥ ಧಾಮದ ದೊಡ್ಡ ಬಾಗಿಲು. ಇಲ್ಲಿ ದೋಣಿಯಿಂದ ಇಳಿದು ಮೆಟ್ಟಿಲು ಹತ್ತಿ ನೇರ ದರ್ಶನಕ್ಕೆ ಹೋಗಬಹುದು, ಆದ್ರೆ ಫೋನು, ಬ್ಯಾಗು ಒಳಗೆ ಬಿಡಲ್ಲ, ಲಾಕರ್ ಹುಡುಕ್ಬೇಕು, ಅದಕ್ಕೆ ದೋಣಿ ಮತ್ತು ದರ್ಶನ ಎರಡನ್ನೂ ಒಂದೇ ಬೆಳಗ್ಗೆಗೆ ಸೇರಿಸ್ಬೇಡಿ ಅಂತೀನಿ.

ಮಣಿಕರ್ಣಿಕಾ ಹತ್ರ ಸೌದೆ ಹೊತ್ತ ಭಾರೀ ದೋಣಿಗಳು ಸಾಲಾಗಿ ನಿಂತಿರ್ತಾವೆ, ಬೆಂಕಿ ಇಲ್ಲಿ ಆರಿದ್ದೇ ಇಲ್ಲ ಅಂತಾರೆ. ಮುಕ್ಕಾಲುಪಾಲು ದೋಣಿಗಳು ಇಲ್ಲಿಂದ ವಾಪಸ್ ತಿರುಗ್ತಾವೆ. ನೀವು ತಿರುಗ್ಬೇಡಿ, ಹತ್ತುವಾಗಲೇ ಇದನ್ನ ಒತ್ತಿ ಹೇಳಿರಿ. ಯಾಕಂದ್ರೆ ಅದರ ಪಕ್ಕಾನೇ ರತ್ನೇಶ್ವರ ಮಹಾದೇವ ದೇವಸ್ಥಾನ, ಬುಡ ಕುಸಿದು ಸುಮಾರು ಒಂಬತ್ತು ಡಿಗ್ರಿ ವಾಲಿದೆ, ಪೀಸಾ ಗೋಪುರಕ್ಕಿಂತ ಜಾಸ್ತಿ. ವರ್ಷದಲ್ಲಿ ಎಷ್ಟೋ ತಿಂಗಳು ಗರ್ಭಗುಡಿ ನೀರಲ್ಲೇ ಇರತ್ತೆ. ಅದಕ್ಕೆ ಅಂಟಿರೋ ಸಿಂಧಿಯಾ ಘಾಟ್‌ನ ಗ್ವಾಲಿಯರ್‌ನ ಬೈಜಾಬಾಯಿ 1830ರ ಸುಮಾರಿಗೆ ಕಟ್ಟಿಸಿದ್ದು, ಕಟ್ಟಿದ್ದು ತುಂಬಾ ಭಾರ ಆಗಿ ಕುಸೀತು, ಆಮೇಲೆ ಮತ್ತೆ ಕಟ್ಟಿದ್ರು. ಈ ದಡ ಎಷ್ಟು ಕಷ್ಟದ ನೆಲ, ಇದರ ಮೇಲೆ ಇಷ್ಟೆಲ್ಲ ಹೇಗೆ ನಿಲ್ಸಿದ್ರು ಅನ್ನೋದು ಇಲ್ಲೇ ಅರ್ಥ ಆಗೋದು.

ಇಲ್ಲಿಂದ ಮುಂದೆ ನದಿ ಖಾಲಿ, ಟೂರಿಸ್ಟ್ ದೋಣಿ ಅಪರೂಪ. ನಾಗಪುರದವರ ಭೋಂಸ್ಲೆ ಘಾಟ್ ದಾಟಿ ಪಂಚಗಂಗಾ ಘಾಟ್‌ಗೆ ಬಂದ್ರೆ ನನಗೆ ಕಾಶೀಲಿ ಅತಿ ಇಷ್ಟವಾದ ಜಾಗ ಸಿಗತ್ತೆ. ಮೇಲೆ ಔರಂಗಜೇಬನ ಕಾಲದ ಆಲಮಗೀರ್ ಮಸೀದಿ, ಬಿಂದುಮಾಧವ ದೇವಸ್ಥಾನ ಇದ್ದ ಜಾಗದಲ್ಲಿ ಎದ್ದಿದ್ದು, ಹಳೇ ಚಿತ್ರಗಳಲ್ಲಿ ಕಾಣೋ ಅದರ ಎತ್ತರದ ಮಿನಾರುಗಳು ಈಗಿಲ್ಲ, ಬಿಂದುಮಾಧವ ಈಗ ಪಕ್ಕದ ಮನೆಯಂಥ ಗುಡೀಲಿದಾನೆ. ರಾಮಾನಂದರು ಬೆಳಗಿನ ಜಾವ ಸ್ನಾನಕ್ಕೆ ಇಳಿಯುವಾಗ ಕಬೀರರು ಮೆಟ್ಟಿಲ ಮೇಲೆ ಮಲಗಿದ್ದು, ಕಾಲು ತಾಗಿ ರಾಮಾನಂದರು ರಾಮ ಅಂದಿದ್ದೇ ಕಬೀರರಿಗೆ ದೀಕ್ಷೆ ಆಯ್ತು ಅನ್ನೋ ಕಥೆ ಈ ಮೆಟ್ಟಿಲಿಂದೇ. ಕಾರ್ತಿಕ ಮಾಸದಲ್ಲಿ ಹೋದ್ರೆ ಉದ್ದ ಬಿದಿರಿನ ತುದಿಗೆ ಬುಟ್ಟೀಲಿ ಆಕಾಶದೀಪ ಏರ್ಸಿರ್ತಾರೆ. ಸಮಯ ಇಲ್ದೋರು ಇಲ್ಲೇ ಇಳಿದು, ಕಡಿದಾದ ಮೆಟ್ಟಿಲು ಹತ್ತಿ, ಚೌಖಂಬಾ ಗಲ್ಲಿ ಹಿಡಿದು ಠಠೇರಿ ಬಜಾರ್‌ಗೆ ನಡೀರಿ, ಬೆಳಗಿನ ಕಚೋರಿ ಜಿಲೇಬಿ ಬಿಸಿಬಿಸಿ ಸಿಗತ್ತೆ, ಚಳಿಗಾಲ ಆದ್ರೆ ಮಲೈಯೋ, ಹಾಲಿನ ನೊರೆ ಮೇಲೆ ಕೇಸರಿ ಪಿಸ್ತಾ, ಬಿಸಿಲೇರಿದ್ರೆ ಕರಗಿ ಹೋಗತ್ತೆ, ಬೇಗ ತಿನ್ಬೇಕು.

ಮುಂದೆ ಹೋಗೋರು ಗಾಯ್ ಘಾಟ್, ತ್ರಿಲೋಚನ ದಾಟಿ ರಾಜ್‌ಘಾಟ್‌ಗೆ ಹೋಗಿ. ಇಲ್ಲಿರೋ ದೊಡ್ಡ ಕಬ್ಬಿಣದ ಸೇತುವೆ 1887ರಲ್ಲಿ ಶುರುವಾದ ಡಫರಿನ್ ಸೇತುವೆ, 1948ರಿಂದ ಮಾಳವೀಯ ಸೇತುವೆ, ಕೆಳಗೆ ರೈಲು, ಮೇಲೆ ವಾಹನ. ರೈಲಲ್ಲಿ ಬಂದು ದೀನದಯಾಳ್ ಉಪಾಧ್ಯಾಯ ಜಂಕ್ಷನ್, ಅಂದ್ರೆ ಹಳೇ ಮುಘಲ್‌ಸರಾಯ್‌ನಲ್ಲಿ ಇಳಿದು ಆಟೋದಲ್ಲಿ ಕಾಶಿಗೆ ಬಂದಿದ್ರೆ ಈ ಸೇತುವೆ ದಾಟಿಯೇ ಬಂದಿರ್ತೀರಾ. ಸೇತುವೆಯಾಚೆ ವರುಣಾ ನದಿ ಸೇರೋ ಜಾಗದಲ್ಲಿ ಆದಿಕೇಶವ ದೇವಸ್ಥಾನ, ತುಂಬಾ ಶಾಂತ. ರಾಜ್‌ಘಾಟ್ ದಿಬ್ಬದಲ್ಲಿ 1940ರಲ್ಲಿ ರೈಲ್ವೆ ಕೆಲಸಕ್ಕೆ ಅಗೆದಾಗ ಪುರಾತನ ಕಾಶಿಯ ಅವಶೇಷ ಸಿಕ್ತು, ಪಕ್ಕದಲ್ಲೇ 1773ರ ಲಾಲ್ ಖಾನ್ ಗೋರಿ, ನೀಲಿ ಹೆಂಚಿನ ಗುಮ್ಮಟಗಳು ಇನ್ನೂ ಹೊಳೀತಾವೆ. ಮೇಲೆ ರಸ್ತೇಲಿ ಆಟೋ ಸುಲಭವಾಗಿ ಸಿಗತ್ತೆ, ದೋಣೀಲಿ ವಾಪಸ್ ಬರೋ ಯೋಚ್ನೆ ಬೇಡ, ಹರಿವಿನ ವಿರುದ್ಧ ಹುಟ್ಟು ಹಾಕ್ಬೇಕಾದ್ರೆ ಎರಡರಷ್ಟು ಹೊತ್ತು, ಬಿಸಿಲೂ ಏರಿರತ್ತೆ. ನಾವಿಕ ಮಾತ್ರ ಖಾಲಿ ದೋಣಿ ವಾಪಸ್ ತಗೊಂಡು ಹೋಗ್ಬೇಕಲ್ಲ, ರೇಟು ಮಾತಾಡುವಾಗ ಆ ಕಷ್ಟಾನೂ ಲೆಕ್ಕಕ್ಕೆ ತಗೊಳ್ಳಿ.

ಇನ್ನು ಸಂಜೆ ಆರತಿ. ದೋಣಿಯಿಂದ ನೋಡೋದೇ ಸರಿ, ಯಾಕಂದ್ರೆ ಅರ್ಚಕರು ನದಿಗೆ ಮುಖ ಮಾಡಿ ನಿಂತಿರ್ತಾರೆ, ಮೆಟ್ಟಿಲ ಮೇಲೆ ಹಿಂದೆ ಕೂತ್ರೆ ಅವರ ಬೆನ್ನು ಮಾತ್ರ. ಚಳಿಗಾಲದಲ್ಲಿ ಆರರ ಆಸುಪಾಸು, ಬೇಸಿಗೇಲಿ ಏಳರ ಹತ್ರ ಶುರು, ಮುಕ್ಕಾಲು ಗಂಟೆ ನಡೆಯತ್ತೆ, ನೀವು ಒಂದು ಗಂಟೆ ಮುಂಚೆ ದೋಣೀಲಿರಿ. ದೋಣಿಗಳೆಲ್ಲ ಒಂದಕ್ಕೊಂದು ತಾಗಿಕೊಂಡು ನಿಲ್ಲೋದ್ರಿಂದ ಮಧ್ಯದಲ್ಲಿ ಹೊರಡೋಕೆ ಆಗಲ್ಲ, ಹಾಗಾಗಿ ಶೌಚಾಲಯದ ಕೆಲಸ ಮುಗ್ಸ್ಕೊಂಡು ಹತ್ತಿ. ಮಂಡಿನೋವಿರೋ ಹಿರಿಯರಿಗೆ ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟೋ ಸ್ಥಿತಿ ಬರಬಹುದು, ಅವರನ್ನ ಅಸ್ಸಿಯಲ್ಲಿ ನಡೆಯೋ ಸಂಜೆ ಆರತಿಗೆ ಕರ್ಕೊಂಡು ಹೋಗಿ, ಅಲ್ಲಿ ಜಾಗ ವಿಶಾಲ. ದೀಪ ಬಿಡೋದಾದ್ರೆ ಎಲೆ ದೊನ್ನೆದೇ ಕೇಳಿ ತಗೊಳ್ಳಿ. ಕಾರ್ತಿಕ ಹುಣ್ಣಿಮೆ ದೇವ ದೀಪಾವಳಿಗೆ ಹೋಗೋ ಆಸೆ ಇದ್ರೆ ದೋಣಿನೂ ರೂಮೂ ತಿಂಗಳುಗಟ್ಟಲೆ ಮುಂಚೆ ಹಿಡೀಬೇಕು, ರೇಟು ಎಷ್ಟೋ ಪಟ್ಟು ಇರತ್ತೆ.

ಪಿಂಡಪ್ರದಾನಕ್ಕೋ ಅಸ್ಥಿ ಬಿಡೋಕೋ ಹೋಗ್ತಿರೋರು ಅದಕ್ಕೆ ಬೇರೆ ದಿನ ಬೇರೆ ದೋಣಿ ಇಟ್ಕೊಳ್ಳಿ, ಪುರೋಹಿತರೇ ಏರ್ಪಾಡು ಮಾಡ್ತಾರೆ, ಆ ದಿನ ಊರು ನೋಡೋ ಮನಸ್ಸಿರಲ್ಲ.

ಒಂದು ದಿನ ಮಿಕ್ಕಿದ್ರೆ ಅಸ್ಸಿಯಿಂದ ಹರಿವಿನ ವಿರುದ್ಧ ದಿಕ್ಕಲ್ಲಿ, ಎದುರು ದಡದ ರಾಮನಗರ ಕೋಟೆಗೆ ಹೋಗಿ. ಇದಕ್ಕೆ ಮೋಟಾರ್ ದೋಣಿನೇ ಸರಿ, ಎದುರು ಹರಿವಲ್ಲಿ ಕೈದೋಣಿ ಮುಟ್ಟೋದು ಬಹಳ ಹೊತ್ತಾಗತ್ತೆ. 1750ರ ಸುಮಾರಿಗೆ ರಾಜಾ ಬಲವಂತ್ ಸಿಂಗ್ ಚುನಾರ್ ಕಲ್ಲಲ್ಲಿ ಕಟ್ಟಿಸಿದ್ದು, ಒಳಗೆ ಮ್ಯೂಸಿಯಂನಲ್ಲಿ ಪಲ್ಲಕ್ಕಿ, ಹಳೇ ಕಾರು, ಖಗೋಳ ಗಡಿಯಾರ ಎಲ್ಲ ಇದಾವೆ, ನಿರ್ವಹಣೆ ಅಷ್ಟಕ್ಕಷ್ಟೇ, ಆದ್ರೂ ನದಿ ಕಡೆ ಇಳಿಯೋ ಮೆಟ್ಟಿಲಿಂದ ಕೋಟೆ ನೋಡೋದು ಚೆನ್ನಾಗಿರತ್ತೆ. ದಸರಾ ಸಮಯಕ್ಕೆ ಹೋದ್ರೆ ಅಲ್ಲಿ ತಿಂಗಳ ಹತ್ರ ನಡೆಯೋ ರಾಮಲೀಲೆ ಸಿಗತ್ತೆ, ಆದ್ರೆ ಅದು ಮುಗಿಯೋದು ರಾತ್ರಿ, ನದೀಲೂ ಆಗ ನೀರು ಇನ್ನೂ ಜಾಸ್ತಿ ಇರತ್ತೆ, ಅದಕ್ಕೆ ವಾಪಸ್ ಬರುವಾಗ ಸೇತುವೆ ಮೇಲಿಂದ ಆಟೋದಲ್ಲೇ ಬನ್ನಿ.